ಕಾಣಿಸಲಿಲ್ಲ ಅಂತ ಬರಿ

ಅಣ್ಣನ ಮಗಳು ಕಳೆದ ತಿಂಗಳು ಮನೆಗೆ ಬಂದಿದ್ದಳು. ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಬಲಗೈಯಲ್ಲಿ ಚಪಾತಿ, ಎಡಗೈಯಲ್ಲಿ ಫೋನು. ಏನನ್ನೋ ತರಿಸಿಕೊಳ್ಳುವ ಗಡಿಬಿಡಿ. ಸೀರೆಯೋ ಚಪ್ಪಲಿಯೋ ಇರಬೇಕೆಂದು ಕೇಳಿದೆ. "ಅಯ್ಯೋ ಅಲ್ಲ ಅತ್ತೆ, ಆ್ಯಂಟಿಬಾಡಿ. ಬೆಳಿಗ್ಗೆ ಇಂಡೆಂಟ್ ಹಾಕ್ಬೇಕು, ಯಾವ ಬಣ್ಣದ್ದು ತಗೊಳ್ಳೋದು ಅಂತ ನೋಡ್ತಿದೀನಿ" ಎಂದು ಫೋನನ್ನು ನನ್ನತ್ತ ಹಿಡಿದಳು. ಕನ್ನಡಕ ಹುಡುಕಿ ತಂದು ಓದಿದೆ. ಆ್ಯಂಟಿ-ಮೌಸ್ ಸಿಡಿ4. ಕ್ಲೋನ್: ಜಿಕೆ1.5. ಅದರ ಕೆಳಗೆ ಬಣ್ಣಗಳ ಉದ್ದನೆಯ ಪಟ್ಟಿ, ಒಂದೊಂದಕ್ಕೂ ಒಂದೊಂದು ಬೆಲೆ.

ಜಿಕೆ1.5! ಎಷ್ಟೋ ವರ್ಷ ಹಿಂದೆ ನಾವು ಕೈಯಾರೆ ಬೆಳೆಸಿ, ಕೈಯಾರೆ ಶುದ್ಧ ಮಾಡಿ, ಕೈಯಾರೆ ಬಣ್ಣ ಕಟ್ಟಿದ ಆ್ಯಂಟಿಬಾಡಿ. ಆ ಹುಡುಗಿಗೆ ಅದೊಂದು ಕ್ಯಾಟಲಾಗ್ ನಂಬರು. ತಪ್ಪೇನಿಲ್ಲ, ಹಾಗೇ ಇರಬೇಕು. ಆದರೂ ಆ ರಾತ್ರಿ ಬೇಗ ನಿದ್ದೆ ಹತ್ತಲಿಲ್ಲ. ಇಲಿಮನೆಯ ವಾಸನೆ, ಕೋಲ್ಡ್ ರೂಮಿನ ಮಿಣುಕು ಟ್ಯೂಬ್‌ಲೈಟು, ರಾಯಚೂರು ಕಡೆಯ ಒಬ್ಬರ ದನಿ ಎಲ್ಲ ಒಟ್ಟಿಗೆ ಎದ್ದು ಬಂದವು.

ವಿಷಯ ಗೊತ್ತಿಲ್ಲದವರಿಗಾಗಿ ಒಂದಿಷ್ಟು ಹೇಳಿಬಿಡುತ್ತೇನೆ. ನಮ್ಮ ರಕ್ತದಲ್ಲಿ ರೋಗದ ವಿರುದ್ಧ ಕಾದಾಡುವ ಬಿಳಿ ರಕ್ತಕಣಗಳಲ್ಲಿ ಟಿ ಕೋಶಗಳು ಎಂಬ ಒಂದು ಪಂಗಡ ಇದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಲ್ಲವೂ ಒಂದೇ ಥರ ಗುಂಡಗೆ ಕಾಣುತ್ತವೆ. ಆದರೆ ಕೆಲವು ಬೇರೆ ಕೋಶಗಳಿಗೆ ಸೂಚನೆ ಕೊಡುತ್ತವೆ, ಕೆಲವು ಸೋಂಕು ತಗುಲಿದ ಕೋಶಗಳನ್ನು ನೇರವಾಗಿ ಕೊಲ್ಲುತ್ತವೆ. ಸೂಚನೆ ಕೊಡುವ ಸಹಾಯಕ ಕೋಶಗಳ ಮೈಮೇಲೆ ಸಿಡಿ4 ಎಂಬ ಪ್ರೋಟೀನ್ ಇರುತ್ತದೆ, ಕೊಲ್ಲುವ ಕೋಶಗಳ ಮೈಮೇಲೆ ಸಿಡಿ8. ಮನುಷ್ಯರಲ್ಲೂ ಹೀಗೆ, ಪ್ರಯೋಗಾಲಯದ ಸುಂಡಿಲಿಯಲ್ಲೂ ಹೀಗೆ. ಸಿಡಿ4ಗೆ ಮಾತ್ರ ಹೋಗಿ ಅಂಟಿಕೊಳ್ಳುವ ಒಂದು ಪ್ರತಿಕಾಯ, ಅಂದರೆ ಆ್ಯಂಟಿಬಾಡಿ, ಸಿಕ್ಕಿ, ಅದಕ್ಕೆ ಹೊಳೆಯುವ ಬಣ್ಣ ಕಟ್ಟಿದರೆ ಸಹಾಯಕ ಕೋಶಗಳನ್ನು ಎಣಿಸಬಹುದು. ಜಿಕೆ1.5 ಸುಂಡಿಲಿಯ ಸಿಡಿ4ಗೆ ಹಾಗೆ ಅಂಟುವ ಪ್ರತಿಕಾಯ. ಮನುಷ್ಯರ ಸಿಡಿ4 ಅದಕ್ಕೆ ಲೆಕ್ಕಕ್ಕಿಲ್ಲ.

ಅದು ಹುಟ್ಟಿದ್ದು ಅಮೆರಿಕದ ಷಿಕಾಗೋ ವಿಶ್ವವಿದ್ಯಾಲಯದಲ್ಲಿ, ಫ್ರ್ಯಾಂಕ್ ಫಿಚ್ ಅವರ ಪ್ರಯೋಗಾಲಯದಲ್ಲಿ. 1983ರಲ್ಲಿ ಡೈಯಲಿನಾಸ್ ಮತ್ತು ಸಂಗಡಿಗರು ಅದನ್ನು ವಿವರಿಸಿ ಬರೆದರು. ಆಗ ಸುಂಡಿಲಿಯ ಆ ಪ್ರೋಟೀನಿಗೆ ಸಿಡಿ4 ಎಂಬ ಹೆಸರು ಇನ್ನೂ ಬಂದಿರಲಿಲ್ಲ, ಎಲ್3ಟಿ4 ಎನ್ನುತ್ತಿದ್ದರು. ಸುಂಡಿಲಿಯ ಟಿ ಕೋಶಗಳನ್ನು ದೊಡ್ಡ ಜಾತಿಯ ಇಲಿಗೆ, ನಾವು ಲ್ಯಾಬಿನಲ್ಲಿ ರ‍್ಯಾಟ್ ಎನ್ನುತ್ತಿದ್ದೆವಲ್ಲ ಅದಕ್ಕೆ, ಚುಚ್ಚಿದರು. ಪರಕೀಯ ವಸ್ತು ಬಂತೆಂದು ಅದರ ಮೈ ಪ್ರತಿಕಾಯ ತಯಾರಿಸಿತು. ಅದರ ಗುಲ್ಮದಿಂದ ಕೋಶಗಳನ್ನು ತೆಗೆದು, ಸಾವಿಲ್ಲದೆ ಬೆಳೆಯುವ ಕ್ಯಾನ್ಸರ್ ಕೋಶಗಳ ಜೊತೆ ಬೆಸೆದರು. ಹಾಗೆ ಬೆಸೆದ ಕೋಶಕ್ಕೆ ಹೈಬ್ರಿಡೋಮಾ ಎನ್ನುತ್ತಾರೆ. ಆ ಇಲಿ ಸತ್ತು ನಲವತ್ತು ವರ್ಷ ದಾಟಿದೆ. ಅದರ ಒಂದೇ ಒಂದು ಕೋಶದ ಸಂತಾನ ಮಾತ್ರ ಇವತ್ತಿಗೂ ಲೋಕದ ಎಷ್ಟೋ ದ್ರವ ಸಾರಜನಕದ ಡಬ್ಬಿಗಳಲ್ಲಿ ಇದೆ.

ಈ ಬೆಸೆಯುವ ವಿದ್ಯೆಯನ್ನು ಕಂಡುಹಿಡಿದವರು ಕೇಂಬ್ರಿಜ್‌ನ ಸೀಸರ್ ಮಿಲ್‌ಸ್ಟೈನ್ ಮತ್ತು ಜಾರ್ಜ್ ಕೋಲರ್. 1975ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು, 1984ರಲ್ಲಿ ನೀಲ್ಸ್ ಯೆರ್ನೆ ಜೊತೆಗೆ ನೊಬೆಲ್ ಬಂತು. ಇಬ್ಬರೂ ಅದಕ್ಕೆ ಪೇಟೆಂಟ್ ಮಾಡಿಸಲಿಲ್ಲ. ಕೇಳಿದವರಿಗೆ ಮಿಲ್‌ಸ್ಟೈನ್ ಕೋಶಗಳನ್ನು ಕಳಿಸುತ್ತಿದ್ದರು. ಆ ಧಾರಾಳತನದ ಒಂದು ಗುಟುಕು ನಮಗೂ ಸಿಕ್ಕಿತು ಎಂದೇ ನಾನು ತಿಳಿದಿದ್ದೇನೆ. ಏಕೆಂದರೆ 1990ರ ದಶಕದ ಮೊದಲಲ್ಲಿ ನಮ್ಮಂಥ ಲ್ಯಾಬು ದುಡ್ಡು ಕೊಟ್ಟು ಆ್ಯಂಟಿಬಾಡಿ ಕೊಳ್ಳುವುದು ಸುಲಭದ ಮಾತಾಗಿರಲಿಲ್ಲ. ಒಂದು ಪುಟ್ಟ ವಯಲ್‌ಗೆ ನಮ್ಮ ತಿಂಗಳುಗಟ್ಟಲೆಯ ಫೆಲೋಶಿಪ್ ಸಾಲದು. ಕೊಂಡರೂ ಅದು ವಿಮಾನದಲ್ಲಿ ಬಂದು, ಕಾಗದಪತ್ರ ಸರಿಹೋಗುವವರೆಗೆ ಯಾವುದೋ ಗೋದಾಮಿನಲ್ಲಿ ಕೂತು, ಡ್ರೈ ಐಸೆಲ್ಲ ಆವಿಯಾಗಿ, ಬೆಚ್ಚಗಿನ ಥರ್ಮೋಕೋಲ್ ಡಬ್ಬಿಯಾಗಿ ನಮ್ಮ ಕೈ ಸೇರುತ್ತಿತ್ತು. ಆ ಡಬ್ಬಿಯ ಮುಚ್ಚಳ ತೆಗೆಯುವಾಗ ಇಡೀ ಲ್ಯಾಬೇ ಸುತ್ತ ನಿಂತಿರುತ್ತಿತ್ತು. ಹೊಗೆ ಬಂದರೆ ಖುಷಿ. ಬರದಿದ್ದರೆ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಹಾಗಾಗಿ ಕೋಶಗಳನ್ನೇ ತರಿಸಿ ಬೆಳೆಸುವುದು ಎಂದಾಯಿತು. ಹೊರದೇಶದಿಂದ ರಜೆಗೆ ಬಂದ ಒಬ್ಬ ಹಳೆಯ ವಿದ್ಯಾರ್ಥಿ ಪ್ಲಾಸ್ಟಿಕ್ ಫ್ಲಾಸ್ಕಿನ ಕತ್ತಿನವರೆಗೂ ಪೋಷಕ ದ್ರವ ತುಂಬಿಸಿ, ಬಾಯಿಗೆ ಪ್ಯಾರಾಫಿಲ್ಮ್ ಸುತ್ತಿ, ಕೋಟಿನ ಒಳಜೇಬಿನಲ್ಲಿ ಮೈಶಾಖಕ್ಕೆ ಇಟ್ಟುಕೊಂಡು ತಂದರು. ಆಗಿನ್ನೂ ಎಚ್‌ಎಎಲ್ ವಿಮಾನ ನಿಲ್ದಾಣ. ಅಲ್ಲಿಂದ ಮನೆಗೂ ಹೋಗದೆ ಆಟೋ ಹಿಡಿದು ನೇರ ಲ್ಯಾಬಿಗೇ ಬಂದಿದ್ದರು. ಫ್ಲಾಸ್ಕನ್ನು ಇನ್‌ಕ್ಯುಬೇಟರಿಗೆ ಇಟ್ಟವರು, ಆಮೇಲೆ ಅದನ್ನು ಕೂಸಿನಂತೆ ಸಾಕಿದವರು, ನಮ್ಮ ಲ್ಯಾಬಿನ ಹಿರಿಯ ಸ್ಕಾಲರ್ ಒಬ್ಬರು. ರಾಯಚೂರು ಕಡೆಯವರು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ, ಅವರು ನನ್ನನ್ನು ತಂಗಿ ಎನ್ನುತ್ತಿದ್ದರು.

ಅಣ್ಣ ಬೆಳಿಗ್ಗೆ ಬಂದವರೇ ಫ್ಲಾಸ್ಕುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು. ದ್ರವ ಕೆಂಪಗಿದ್ದರೆ ಕೋಶಗಳು ಇನ್ನೂ ಎಳವು. ಕಿತ್ತಳೆಗೆ ತಿರುಗಿದರೆ ಚೆನ್ನಾಗಿ ಬೆಳೆಯುತ್ತಿವೆ. ಹಳದಿಯಾದರೆ ಉಂಡದ್ದು ಸಾಲದು, ಹೊಸ ದ್ರವ ಬೇಕು. ಹಳದಿಯಾಗಿ ಮಬ್ಬೂ ಆಗಿದ್ದರೆ ಬ್ಯಾಕ್ಟೀರಿಯಾ ಸೇರಿದೆ ಎಂದರ್ಥ, ಬ್ಲೀಚು ಹಾಕಿ ಚೆಲ್ಲುವುದೊಂದೇ ದಾರಿ. ಕೋಶಗಳು ಪ್ರತಿಕಾಯವನ್ನು ದ್ರವಕ್ಕೆ ಬಿಡುತ್ತವೆ. ವಾರಗಟ್ಟಲೆ ಆ ದ್ರವ ಕೂಡಿಹಾಕಿ, ಅಮೋನಿಯಂ ಸಲ್ಫೇಟ್ ಸುರಿದು ಪ್ರೋಟೀನನ್ನು ಗರಣೆ ಕಟ್ಟಿಸಿ, ಕೋಲ್ಡ್ ರೂಮಿನಲ್ಲಿ ಇಡೀ ರಾತ್ರಿ ಡಯಾಲಿಸಿಸ್ ಮಾಡಿ ಉಪ್ಪು ಕಳೆದು, ಪ್ರೋಟೀನ್-ಜಿ ಕಾಲಮ್ಮಿನಲ್ಲಿ ಹಾಯಿಸಿದರೆ ಅಷ್ಟು ಬಕೆಟ್ ದ್ರವದಿಂದ ಬೆರಳ ತುದಿಯಷ್ಟು ಶುದ್ಧ ಪ್ರತಿಕಾಯ.

ಬಣ್ಣ ಕಟ್ಟುವ ದಿನ ಮಾತ್ರ ಅಣ್ಣ ನನ್ನನ್ನು ಕರೆಯುತ್ತಿದ್ದರು. ಎಫ್‌ಐಟಿಸಿ ಎಂಬ ಹಳದಿ ಪುಡಿ. ಬೆಳಕು ತಾಗಿದರೆ ಕೆಡುತ್ತದೆಂದು ಟ್ಯೂಬಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿ, ಕೋಣೆಯ ದೀಪ ಆರಿಸಿ ಕೂರುತ್ತಿದ್ದೆವು. ಪ್ರತಿಕಾಯದೊಂದಿಗೆ ಬೆರೆಸಿ ಬಿಟ್ಟ ಮೇಲೆ, ಅಂಟಿಕೊಂಡ ಬಣ್ಣವನ್ನೂ ಸುಮ್ಮನೆ ತೇಲುತ್ತಿರುವ ಬಣ್ಣವನ್ನೂ ಬೇರ್ಪಡಿಸಬೇಕು. ಅದಕ್ಕೆ ಸೆಫಾಡೆಕ್ಸ್ ಮಣಿಗಳನ್ನು ತುಂಬಿದ ಗಾಜಿನ ಕೊಳವೆ. ಮೇಲಿನಿಂದ ಹಳದಿ ದ್ರವ ಸುರಿದರೆ ಸ್ವಲ್ಪ ಹೊತ್ತಿಗೆ ಅದು ಎರಡು ಪಟ್ಟಿಗಳಾಗಿ ಸೀಳಿಕೊಳ್ಳುತ್ತದೆ. ದೊಡ್ಡ ಅಣುವಾದ ಪ್ರತಿಕಾಯ ಮಣಿಗಳ ರಂಧ್ರದೊಳಗೆ ನುಗ್ಗಲಾರದೆ ಸಂದಿಯಲ್ಲೇ ಜಾರಿ ಬೇಗ ಕೆಳಗಿಳಿಯುತ್ತದೆ. ಸಣ್ಣದಾದ ಬಿಡಿ ಬಣ್ಣ ಒಂದೊಂದು ಮಣಿಯ ಒಳಗೂ ಹೊಕ್ಕು ಹೊರಟು ಹಿಂದೆ ಬೀಳುತ್ತದೆ. "ನೋಡವಾ ತಂಗಿ, ಮುಂದ ಬರೂದು ನಮ್ದು. ಹಿಂದ ಬರೂದು ಬರೇ ಬಣ್ಣ, ಅದನ್ನ ಹಿಡಿಬ್ಯಾಡ" ಎನ್ನುತ್ತಿದ್ದರು ಅಣ್ಣ. ಹಿಂದಿನ ಪಟ್ಟಿಯೇ ಯಾವಾಗಲೂ ಹೆಚ್ಚು ಗಾಢ, ಹೆಚ್ಚು ಚಂದ. ಮುಂದಿನದು ತೆಳು ಹಸಿರು ಹಳದಿ, ಇದೆಯೋ ಇಲ್ಲವೋ ಎಂಬಷ್ಟು. ಅದರ ಹನಿಗಳನ್ನು ಒಂದೊಂದಾಗಿ ಟ್ಯೂಬಿಗೆ ಹಿಡಿದು, ಮಾರ್ಕರ್ ಪೆನ್ನಿನಲ್ಲಿ ತಾರೀಖು ಬರೆದು ಫ್ರಿಜ್ಜಿನಲ್ಲಿ ಇಡುತ್ತಿದ್ದೆವು. ಫ್ರೀಜರಿನಲ್ಲಿ ಇಡಕೂಡದು, ಹೆಪ್ಪುಗಟ್ಟಿ ಕರಗಿದರೆ ಪ್ರತಿಕಾಯಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ ಎಂದು ಬಾಗಿಲ ಮೇಲೆ ದೊಡ್ಡ ಚೀಟಿ ಅಂಟಿಸಿದ್ದರು.

ಇನ್ನು ಇಲಿಮನೆ. ಕಾಗದದಲ್ಲಿ ಸೆಂಟ್ರಲ್ ಅನಿಮಲ್ ಫೆಸಿಲಿಟಿ, ಬಾಯಲ್ಲಿ ಅನಿಮಲ್ ಹೌಸ್. ಅದನ್ನು ನೋಡಿಕೊಳ್ಳುತ್ತಿದ್ದವರು ಹೊಸಕೋಟೆ ಕಡೆಯ ಒಬ್ಬ ಯಜಮಾನರು. ಓದು ಅಷ್ಟಕ್ಕಷ್ಟೆ. ಇಂಗ್ಲಿಷ್ ಹೆಸರುಗಳ ಗೊಡವೆಯೇ ಅವರಿಗಿರಲಿಲ್ಲ. ಬಾಲ್ಬ್-ಸಿ ಅಂದರೆ ಬಿಳಿ ಇಲಿ, ಸಿ57 ಬ್ಲ್ಯಾಕ್-6 ಅಂದರೆ ಕರಿ ಇಲಿ. ಪಂಜರದ ತಳಕ್ಕೆ ಭತ್ತದ ಹೊಟ್ಟು ಹಾಸಿ, ನೀರಿನ ಬಾಟಲಿ ತೊಳೆದು ಮಗುಚಿ ಸಿಕ್ಕಿಸಿ, ಯಾವ ಹೆಣ್ಣು ಯಾವತ್ತು ಮರಿ ಹಾಕಿತು ಎಂಬುದನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೀಚುತ್ತಿದ್ದರು. ಗೌರಿ ಗಣೇಶ ಹಬ್ಬದ ದಿನ ಯಾರು ಬಂದು ಕೇಳಿದರೂ ಒಂದು ಇಲಿಯನ್ನೂ ಕೊಡುತ್ತಿರಲಿಲ್ಲ. "ಇವತ್ತು ಬೇಡಿ ಸಾರ್, ನಾಳೆ ಬನ್ನಿ" ಅಷ್ಟೆ. ನಿರ್ದೇಶಕರಿಗೂ ಅದೇ ಉತ್ತರ ಎಂದು ಪ್ರತೀತಿ.

ನನ್ನ ಕೆಲಸ ಸಾಲ್ಮೊನೆಲ್ಲಾ ಮೇಲೆ. ಸುಂಡಿಲಿಗೆ ಸಾಲ್ಮೊನೆಲ್ಲಾ ಟೈಫಿಮ್ಯೂರಿಯಂ ತಗುಲಿದರೆ ನಮಗೆ ಬರುವ ಟೈಫಾಯ್ಡಿನಂಥದೇ ಕಾಯಿಲೆ ಬರುತ್ತದೆ, ಗುಲ್ಮ ಊದಿಕೊಳ್ಳುತ್ತದೆ. ಅದನ್ನು ಗೆಲ್ಲುವುದರಲ್ಲಿ ಸಿಡಿ4 ಕೋಶಗಳ ಪಾತ್ರವೇನು ಎಂದು ನೋಡಬೇಕಿತ್ತು. ಸೋಂಕು ಕೊಟ್ಟ ಇಲಿಗಳನ್ನು ಬೇರೆ ಕೋಣೆಯಲ್ಲಿ ಇಡುತ್ತಿದ್ದೆವು. ನಾನು ತಕ್ಕಡಿಯಲ್ಲಿ ತೂಗಿ ಯಾವುದು ಸೊರಗುತ್ತಿದೆ ಎಂದು ತಿಳಿಯುವ ಮೊದಲೇ ಯಜಮಾನರು ಬಾಗಿಲಲ್ಲಿ ನಿಂತು ಹೇಳಿಬಿಡುತ್ತಿದ್ದರು: "ಆ ಮೂಲೇದು ನೋಡಮ್ಮಾ, ಬೆನ್ನು ಗೂನು ಮಾಡ್ಕೊಂಡು ಕೂತದೆ, ಕೂದ್ಲು ನೆಟ್ಟಗೆ ನಿಂತದೆ. ಅದು ನಾಳೆಗೆ ಇರಲ್ಲ." ಸಾಮಾನ್ಯವಾಗಿ ಇರುತ್ತಿರಲಿಲ್ಲ.

ಒಮ್ಮೆ ಪಕ್ಕದ ಕಟ್ಟಡಕ್ಕೆ ಹೊಸ ಅಂತಸ್ತು ಏಳುತ್ತಿತ್ತು, ದಿನವಿಡೀ ಡ್ರಿಲ್ಲಿಂಗ್ ಸದ್ದು. ಯಜಮಾನರು ಇಲಿ ಕೊಡಲು ಒಪ್ಪಲಿಲ್ಲ. "ಹೆದರಿದ ಇಲಿ ನಿಮ್ಗೆ ಸರಿಯಾದ ಲೆಕ್ಕ ಕೊಡಲ್ಲಮ್ಮಾ, ವಾರ ಕಳೀಲಿ." ಲ್ಯಾಬಿನಲ್ಲಿ ಎಲ್ಲರೂ ಗೊಣಗಿದೆವು. ಮುದುಕನ ಹಟ ಎಂದರು ಕೆಲವರು. ಒತ್ತಡಕ್ಕೆ ಸಿಕ್ಕ ಪ್ರಾಣಿಯ ಮೈಯಲ್ಲಿ ಸ್ಟೀರಾಯ್ಡ್ ಹಾರ್ಮೋನು ಏರುತ್ತದೆ, ಅದು ಥೈಮಸ್ ಗ್ರಂಥಿಯಲ್ಲಿ ಬೆಳೆಯುತ್ತಿರುವ ಎಳೆಯ ಟಿ ಕೋಶಗಳನ್ನು ಕೊಲ್ಲುತ್ತದೆ, ಥೈಮಸ್ ಕುಗ್ಗುತ್ತದೆ ಎಂಬುದು ಪಠ್ಯಪುಸ್ತಕದಲ್ಲಿ ಆಗಲೇ ಇತ್ತು. ನಾವು ಓದಿದ್ದೆವು, ಪರೀಕ್ಷೆಯಲ್ಲಿ ಬರೆದೂ ಇದ್ದೆವು. ಡ್ರಿಲ್ಲಿಂಗ್ ಸದ್ದಿಗೂ ಅದಕ್ಕೂ ಗಂಟು ಹಾಕಿದವರು ಓದದಿದ್ದ ಅವರೊಬ್ಬರೇ.

ಗುಲ್ಮ ತೆಗೆದ ಮೇಲೆ ಕೆಲಸ ಓಡಬೇಕು. ಒರಟು ಅಂಚಿನ ಎರಡು ಗಾಜಿನ ಸ್ಲೈಡುಗಳ ನಡುವೆ ಅದನ್ನಿಟ್ಟು ಮೆಲ್ಲಗೆ ಅರೆದರೆ ಕೋಶಗಳು ಬಿಡಿಬಿಡಿಯಾಗಿ ದ್ರವಕ್ಕೆ ಇಳಿಯುತ್ತವೆ. ಸುಂಡಿಲಿಯ ಒಂದು ಗುಲ್ಮದಲ್ಲಿ ಸುಮಾರು 10 ಕೋಟಿ ಕೋಶಗಳು. ಕೆಂಪು ರಕ್ತಕಣಗಳನ್ನು ಅಮೋನಿಯಂ ಕ್ಲೋರೈಡಿನಿಂದ ಒಡೆದು ತೊಳೆದು, ಟ್ಯೂಬಿಗೆ 10 ಲಕ್ಷದಂತೆ ಹಂಚಿ, ಐಸಿನ ಮೇಲಿಟ್ಟು ಅಣ್ಣನ ಜಿಕೆ1.5 ಹಾಕುತ್ತಿದ್ದೆವು. ಆಮೇಲೆ ಫ್ಲೋ ಸೈಟೋಮೀಟರ್. ಕೋಶಗಳು ಒಂದರ ಹಿಂದೊಂದು ಸಾಲಾಗಿ ಹರಿದು ನೀಲಿ ಲೇಸರ್ ಕಿರಣದ ಮುಂದೆ ಹಾಯುತ್ತವೆ, 488 ನ್ಯಾನೊಮೀಟರಿನ ಬೆಳಕು. ಬಣ್ಣ ಕಟ್ಟಿದ ಪ್ರತಿಕಾಯ ಹೊತ್ತ ಕೋಶ ಹಸಿರಾಗಿ ಮಿಂಚುತ್ತದೆ, ಯಂತ್ರ ಅದನ್ನು ಒಂದು ಚುಕ್ಕಿಯಾಗಿ ಪರದೆಯ ಮೇಲೆ ಹಾಕುತ್ತದೆ. ಇಡೀ ಸಂಸ್ಥೆಗೆ ಅದೊಂದೇ ಯಂತ್ರ. ಬುಕಿಂಗ್ ಪುಸ್ತಕದಲ್ಲಿ ಹೆಸರು ಬರೆಯಲು ಬೆಳಿಗ್ಗೆ ಎದ್ದು ಓಡಬೇಕು, ಮತ್ತು ಸರಿಯಾಗಿ ನಮ್ಮ ಸರದಿಗೇ ಕರೆಂಟು ಹೋಗುತ್ತಿತ್ತು.

ನಮ್ಮ ಗೈಡು ಮೈಸೂರಿನವರು. ಲ್ಯಾಬಿನಲ್ಲಿ ಎಲ್ಲರೂ ಅವರಿಗೆ ಹೆದರುತ್ತಿದ್ದೆವು. ಸಿಡಿ4 ಕೋಶಗಳೇ ಇಲ್ಲದ ಇಲಿಗೆ ಸೋಂಕು ಕೊಟ್ಟರೆ ಏನಾಗುತ್ತದೆ ಎಂದು ನೋಡುವ ಯೋಜನೆಯನ್ನು ನಾನು ಲ್ಯಾಬ್ ಮೀಟಿಂಗಿನಲ್ಲಿ ಮುಂದಿಟ್ಟಿದ್ದೆ. ಜಿಕೆ1.5ಗೆ ಇನ್ನೊಂದು ಗುಣವಿದೆ: ಸಾಕಷ್ಟು ಪ್ರಮಾಣದಲ್ಲಿ ಇಲಿಯ ಹೊಟ್ಟೆಗೆ ಚುಚ್ಚಿದರೆ ಅದು ಸಿಡಿ4 ಕೋಶಗಳ ಮೇಲೆ ಕೂರುತ್ತದೆ, ಹಾಗೆ ಗುರುತು ಬಿದ್ದ ಕೋಶಗಳನ್ನು ಮೈಯ ಕಬಳಿ ಕೋಶಗಳೇ ನುಂಗಿಬಿಡುತ್ತವೆ. ಕೆಲವೇ ದಿನಗಳಲ್ಲಿ ಸಹಾಯಕ ಕೋಶಗಳು ಖಾಲಿ. ಖಾಲಿಯಾಯಿತೆಂದು ಖಚಿತ ಮಾಡಿಕೊಳ್ಳಲು ಗುಲ್ಮ ತೆಗೆದು ಬಣ್ಣ ಕಟ್ಟಿದ ಜಿಕೆ1.5ರಲ್ಲಿ ಎಣಿಸುವುದು ಎಂದು ಬೋರ್ಡಿನ ಮೇಲೆ ಬರೆದಿದ್ದೆ. ಆಗೆಲ್ಲ ಎಲ್ಲರೂ ಹಾಗೇ ಬರೆಯುತ್ತಿದ್ದರು.

ಸರ್ ಸುಮ್ಮನೆ ನೋಡಿದರು. "ಚುಚ್ಚೋದೂ ಅದೇ, ನೋಡೋದೂ ಅದೇನಾ?"

ಒಂದು ನಿಮಿಷ ಯಾರಿಗೂ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಇಲಿಗೆ ಚುಚ್ಚಿದ ಪ್ರತಿಕಾಯ ಕೋಶದ ಮೇಲಿನ ಸಿಡಿ4ರ ಜಾಗವನ್ನೆಲ್ಲ ಹಿಡಿದುಕೊಂಡು ಕೂತಿದೆ ಎಂದಿಟ್ಟುಕೊಳ್ಳಿ, ಕೋಶ ಮಾತ್ರ ಸತ್ತಿಲ್ಲ. ಈಗ ಬಣ್ಣ ಕಟ್ಟಿದ ಅದೇ ಪ್ರತಿಕಾಯ ಹಾಕಿದರೆ ಅದಕ್ಕೆ ಕೂರಲು ಜಾಗವೇ ಇಲ್ಲ. ಕೋಶ ಮಿಂಚುವುದಿಲ್ಲ. ಯಂತ್ರ ಸೊನ್ನೆ ಎನ್ನುತ್ತದೆ. ಕೋಶ ಅಲ್ಲೇ ಇರುತ್ತದೆ. "ಕಾಣಿಸಲಿಲ್ಲ ಅಂತ ಬರಿ. ಇಲ್ಲ ಅಂತ ಬರೀಬೇಡ. ಇಲ್ಲ ಅಂತ ಬರೀಬೇಕಾದ್ರೆ ಬೇರೆ ದಾರೀಲಿ ತೋರಿಸು."

ಬೇರೆ ದಾರಿಗಳು ಇದ್ದವು. ಸಿಡಿ4ರ ಮೇಲೆ ಜಿಕೆ1.5 ಹಿಡಿಯುವ ಜಾಗವನ್ನು ಬಿಟ್ಟು ಇನ್ನೊಂದು ಕಡೆ ಅಂಟುವ ಪ್ರತಿಕಾಯ ಒಂದಿದೆ, ಆರ್‌ಎಂ4-4 ಅದರ ಹೆಸರು. ಜಿಕೆ1.5 ಕೂತಿದ್ದರೂ ಅದು ಹೋಗಿ ಅಂಟುತ್ತದೆ. ಹೆಸರಿನಲ್ಲಿ ಅದರ ಒಡಹುಟ್ಟಿದಂತಿರುವ ಆರ್‌ಎಂ4-5 ಮಾತ್ರ ಜಿಕೆ1.5 ಇರುವ ಕಡೆ ಅಂಟಲಾರದು. ಒಂದಂಕಿ ತಪ್ಪಿದರೆ ಇಡೀ ಪ್ರಯೋಗ ಹಳ್ಳ ಹಿಡಿಯಿತು. ಆರ್‌ಎಂ4-4 ಕೊಳ್ಳಲು ನಮ್ಮಲ್ಲಿ ದುಡ್ಡಿರಲಿಲ್ಲ. ಹಾಗಾಗಿ ಒಟ್ಟು ಟಿ ಕೋಶಗಳನ್ನು ಸಿಡಿ3 ಎಂಬ ಗುರುತಿನಿಂದ ಹಿಡಿದು, ಅದರಲ್ಲಿ ಸಿಡಿ8 ಇರುವುದನ್ನು ಕಳೆದು, ಉಳಿದದ್ದು ಎಷ್ಟೆಂದು ನೋಡಿದೆವು. ದೊಡ್ಡ ಇಲಿಯ ಪ್ರತಿಕಾಯಕ್ಕೇ ಅಂಟುವ ಎರಡನೇ ಪ್ರತಿಕಾಯ ಹಾಕಿ, ಚುಚ್ಚಿದ ಜಿಕೆ1.5 ಯಾವ ಕೋಶದ ಮೈಮೇಲಾದರೂ ಇನ್ನೂ ಕೂತಿದೆಯೇ ಎಂದು ಹುಡುಕಿದೆವು. ಪೂರ್ತಿ ಪ್ರಮಾಣ ಕೊಟ್ಟ ಇಲಿಗಳಲ್ಲಿ ಕೋಶಗಳು ನಿಜವಾಗಿಯೂ ಹೋಗಿದ್ದವು. ಪ್ರಮಾಣ ಕಡಿಮೆ ಮಾಡಿದವುಗಳಲ್ಲಿ ಒಂದು ಪಾಲು ಮುಸುಕು ಹೊದ್ದು ಅಲ್ಲೇ ಇತ್ತು.

ಸರ್ ಈಗಿಲ್ಲ. ವಿಜ್ಞಾನದಲ್ಲಿ ಅವರಷ್ಟು ಕಟ್ಟುನಿಟ್ಟಿನ ಮೇಷ್ಟ್ರು ನನಗೆ ಆಮೇಲೆ ಸಿಗಲಿಲ್ಲ. ಅವರ ನೆನಪಿನ ಸಭೆಯಲ್ಲಿ ಇಷ್ಟನ್ನೇ ಹೇಳಿ ಕೂತೆ. ಇನ್ನುಳಿದದ್ದನ್ನು ಈಗ ಬರೆಯಬಹುದು ಎನಿಸುತ್ತದೆ. ಕೋಶಗಳ ವಿಷಯದಲ್ಲಿ ಅಷ್ಟು ಎಚ್ಚರವಾಗಿದ್ದ ಮನುಷ್ಯ ತಮ್ಮ ಕೈಕೆಳಗಿನವರ ವಿಷಯದಲ್ಲಿ ಆ ಎಚ್ಚರ ತೋರಲಿಲ್ಲ. ಹುಡುಗಿಯರು ಲ್ಯಾಬಿಗೆ ಸೇರಿದರೆ "ಮದುವೆ ಆಗೋವರೆಗೆ ತಾನೇ" ಎಂದು ಎಲ್ಲರೆದುರು ನಗುತ್ತಿದ್ದರು, ನಾವೂ ನಗಬೇಕಿತ್ತು. ಅದಕ್ಕಿಂತ ದೊಡ್ಡ ಅನ್ಯಾಯ ಆದದ್ದು ಅಣ್ಣನಿಗೆ. ಲ್ಯಾಬಿನಿಂದ ಹೊರಟ ಒಂದೊಂದು ಪ್ರಬಂಧದ ಗ್ರಾಫಿನಲ್ಲೂ ಅವರ ಜಿಕೆ1.5 ಇತ್ತು. ಪ್ರಬಂಧದ ವಿಧಾನದ ಭಾಗದಲ್ಲಿ ಅದಕ್ಕೆ ಸಿಕ್ಕಿದ್ದು ಒಂದೇ ವಾಕ್ಯ: ಪ್ರತಿಕಾಯವನ್ನು ಪ್ರಯೋಗಾಲಯದಲ್ಲೇ ಶುದ್ಧೀಕರಿಸಲಾಯಿತು. ಯಾರಿಂದ? ಕರ್ಮಣಿ ಪ್ರಯೋಗದಲ್ಲಿ ಕರ್ತೃ ಮಾಯ. ಎಲ್ಲರಿಗೂ ಆ್ಯಂಟಿಬಾಡಿ ಮಾಡಿಕೊಡುವುದರಲ್ಲೇ ವರ್ಷಗಳು ಕಳೆದು ಅವರ ಸ್ವಂತ ಥೀಸಿಸ್ ಹಿಂದೆ ಬಿತ್ತು. ಕೊನೆಗೆ ಹೈದರಾಬಾದಿನಲ್ಲಿ ಕೆಲಸ ಹಿಡಿದು, ಅಲ್ಲಿಂದ ರಾತ್ರಿ ಬಸ್ಸಿನಲ್ಲಿ ಓಡಾಡಿಕೊಂಡು ಥೀಸಿಸ್ ಮುಗಿಸಿದರು. ಆಗ ನಾವೆಲ್ಲ ಅದನ್ನು ಅವರ ದೊಡ್ಡಗುಣ ಎಂದು ಹೊಗಳಿದೆವು. ದೊಡ್ಡಗುಣ ಇತ್ತು, ನಿಜ. ಆದರೆ ಅವರ ಹೆಸರು ಲೇಖಕರ ಸಾಲಿನಲ್ಲಿ ಇರಬೇಕಿತ್ತು. ಇದು ಇವತ್ತಿನ ನನ್ನ ಖಚಿತ ಅಭಿಪ್ರಾಯ.

ಆ ಕಾಲ ಚಿನ್ನದಂಥದ್ದು ಎಂದು ಯಾರಾದರೂ ಹೇಳಿದರೆ ನನಗೆ ರೇಗುತ್ತದೆ. ಬೇರೆ ಲ್ಯಾಬಿನವರು ಪ್ರತಿಕಾಯವನ್ನು ಸುಂಡಿಲಿಯ ಹೊಟ್ಟೆಯಲ್ಲೇ ತಯಾರಿಸುತ್ತಿದ್ದರು. ಹೈಬ್ರಿಡೋಮಾ ಕೋಶಗಳನ್ನು ಹೊಟ್ಟೆಗೆ ಬಿಟ್ಟರೆ ಅಲ್ಲೇ ಗಡ್ಡೆಯಾಗಿ ಬೆಳೆದು ನೀರು ತುಂಬುತ್ತದೆ, ಆ ನೀರಿನಲ್ಲಿ ಪ್ರತಿಕಾಯ ದಟ್ಟವಾಗಿರುತ್ತದೆ. ಹೊಟ್ಟೆ ಉಬ್ಬಿ ನಡೆಯಲಾರದ ಇಲಿಗಳನ್ನು ಸೂಜಿ ಚುಚ್ಚಿ ಬಸಿಯುತ್ತಿದ್ದರು. ಜಿಕೆ1.5 ಅರ್ಧ ದೊಡ್ಡ ಇಲಿಯ ಕೋಶವಾದ್ದರಿಂದ ಮಾಮೂಲಿ ಸುಂಡಿಲಿ ಅದನ್ನು ತಿರಸ್ಕರಿಸುತ್ತದೆ. ರೋಗನಿರೋಧಕ ಶಕ್ತಿಯಿಲ್ಲದ ಕೂದಲಿಲ್ಲದ ಇಲಿಗಳು ಬೇಕು, ಅವು ನಮ್ಮಲ್ಲಿರಲಿಲ್ಲ. ಇರಲಿಲ್ಲ ಎಂಬ ಒಂದೇ ಕಾರಣಕ್ಕೆ ನಾವು ಫ್ಲಾಸ್ಕಿನಲ್ಲಿ ಬೆಳೆಸಿದೆವು, ದಯೆಯಿಂದ ಅಲ್ಲ. ಹಾಗೆ ಹೊಟ್ಟೆ ಉಬ್ಬಿದ ಇಲಿಗಳಿದ್ದ ಕೋಣೆಗೆ ಯಜಮಾನರು ಕಾಲಿಡುತ್ತಿರಲಿಲ್ಲ. ಹೊಟ್ಟು, ನೀರು ಎಲ್ಲವನ್ನೂ ಬಾಗಿಲ ಹೊರಗಿಟ್ಟು ಹೋಗುತ್ತಿದ್ದರು.

1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಅಡಿ 1998ರಲ್ಲಿ ಪ್ರಯೋಗಗಳಿಗೆ ನಿಯಮಗಳು ಬಂದವು. ಸಂಸ್ಥೆ ನೋಂದಣಿ ಮಾಡಿಸಬೇಕು, ಪ್ರಯೋಗಕ್ಕೆ ಮೊದಲು ನೀತಿ ಸಮಿತಿಯ ಒಪ್ಪಿಗೆ ಬೇಕು, ಎಷ್ಟು ಪ್ರಾಣಿ, ಯಾಕೆ ಎಂದು ಬರೆಯಬೇಕು. ವಿಜ್ಞಾನಿಗಳು ಹಾಹಾಕಾರ ಮಾಡಿದರು, ಸಂಶೋಧನೆಯೇ ನಿಂತುಹೋಗುತ್ತದೆ ಎಂದರು. ನಿಲ್ಲಲಿಲ್ಲ. ಆ ಫಾರಂ ಭರ್ತಿ ಮಾಡುವ ಬೇಸರದಲ್ಲೇ ಎಷ್ಟೋ ಅನವಶ್ಯಕ ಪ್ರಯೋಗಗಳು ಬಿದ್ದುಹೋಗಿವೆ, ಒಳ್ಳೆಯದೇ ಆಯಿತು.

ಪಿಎಚ್‌ಡಿ ಮುಗಿದ ಮೇಲೆ ನಾನು ಇಲಿಗಳನ್ನು ಬಿಟ್ಟೆ. ಮದುವೆ ಆಯಿತು, ಸರ್ ಹೇಳಿದ್ದು ಅಷ್ಟರ ಮಟ್ಟಿಗೆ ಸರಿ. ಗಂಡನಿಗೆ ವರ್ಗವಾದ ಕಡೆ, ಉತ್ತರ ಕರ್ನಾಟಕದ ಒಂದು ಆಸ್ಪತ್ರೆಯ ಲ್ಯಾಬಿಗೆ ಸೇರಿದೆ. ಸಿಡಿ4 ಅಲ್ಲೂ ಬೆನ್ನು ಬಿಡಲಿಲ್ಲ. ಏಡ್ಸ್ ವೈರಸ್ಸು, ಅಂದರೆ ಎಚ್‌ಐವಿ, ಮನುಷ್ಯನ ಕೋಶದೊಳಗೆ ನುಗ್ಗಲು ಹಿಡಿಯುವ ಹಿಡಿಕೆ ಸಿಡಿ4ರದ್ದೇ ಎಂದು 1984ರಲ್ಲೇ ಗೊತ್ತಾಗಿತ್ತು. 2004ರ ಏಪ್ರಿಲ್‌ನಲ್ಲಿ ಸರ್ಕಾರ ಎಚ್‌ಐವಿಗೆ ಉಚಿತ ಔಷಧಿ ಕೊಡಲು ಶುರು ಮಾಡಿದಾಗ ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಔಷಧಿ ಈಗಲೇ ಕೊಡಬೇಕೇ, ಕಾಯಬಹುದೇ ಎಂದು ತೀರ್ಮಾನಿಸಲು ಸಿಡಿ4 ಎಣಿಕೆ ಬೇಕು. ಆಗಿನ ಲೆಕ್ಕದಲ್ಲಿ ಒಂದು ಮೈಕ್ರೋಲೀಟರ್ ರಕ್ತಕ್ಕೆ 200ಕ್ಕಿಂತ ಕೆಳಗೆ ಹೋದರೆ ಔಷಧಿ. ಅದೇ ಲೇಸರು, ಅದೇ ಚುಕ್ಕಿಗಳು. ಪ್ರತಿಕಾಯ ಮಾತ್ರ ತಿರುಗುಮುರುಗು: ಅಲ್ಲಿ ಸುಂಡಿಲಿಯ ಕೋಶ ನೋಡಲು ದೊಡ್ಡ ಇಲಿ ಬೇಕಾಗಿತ್ತು, ಇಲ್ಲಿ ಮನುಷ್ಯರ ಕೋಶ ನೋಡಲು ಸುಂಡಿಲಿ.

ಬಾಗಲಕೋಟೆ ಕಡೆಯ ಒಬ್ಬ ಹೆಣ್ಣುಮಗಳು ತಾರೀಖು ತಪ್ಪದೆ ಬರುತ್ತಿದ್ದಳು. ಕೌಂಟರಿನ ಕಿಂಡಿಯಲ್ಲಿ ಮುಖವಿಟ್ಟು, ಪಕ್ಕದವರಿಗೆ ಕೇಳಿಸದ ಹಾಗೆ "ಎಷ್ಟ ಬಂತ್ರೀ ಅಕ್ಕಾರ?" ಎನ್ನುತ್ತಿದ್ದಳು. ಸಿಡಿ4 ಅಂದರೆ ಏನೆಂದು ಅವಳಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಅಂಕಿ ಏರಿದರೆ ಒಳ್ಳೆಯದು, ಇಳಿದರೆ ಕೆಟ್ಟದ್ದು ಎಂದಷ್ಟೇ ಗೊತ್ತು, ಅಷ್ಟು ಗೊತ್ತಿದ್ದರೆ ಸಾಕಾಗಿತ್ತು. ಒಂದು ಸಲ ಅವಳ ಎಣಿಕೆ ಒಮ್ಮೆಲೇ ಅರ್ಧಕ್ಕೆ ಬಿದ್ದಿತ್ತು. ಆ ದಿನದ ಕಂಟ್ರೋಲ್ ರಕ್ತದ ಅಂಕಿಯೂ ಇರಬೇಕಾದ್ದಕ್ಕಿಂತ ಕೆಳಗಿತ್ತು. ವರದಿಗೆ ಸಹಿ ಹಾಕಲಿಲ್ಲ. ಹೊಸ ಡಬ್ಬಿಯ ಪ್ರತಿಕಾಯ ತೆಗೆದು ಮತ್ತೆ ಎಣಿಸಿದಾಗ ಕಂಟ್ರೋಲೂ ಸರಿಹೋಯಿತು, ಅವಳದೂ ಹಿಂದಿನ ಮಟ್ಟಕ್ಕೇ ಬಂತು. ಹಳೆಯ ಡಬ್ಬಿ ದಾರಿಯಲ್ಲೆಲ್ಲೋ ಬಿಸಿಲು ಕಂಡಿರಬೇಕು. ಕೋಶಗಳು ಇದ್ದೇ ಇದ್ದವು, ಕಂಡಿರಲಿಲ್ಲ ಅಷ್ಟೆ. ಅವಳಿಗೆ ಇದ್ಯಾವುದೂ ತಿಳಿಯಲಿಲ್ಲ. ಸ್ವಲ್ಪ ತಡವಾಯಿತು ಎಂದು ಗೊಣಗಿಕೊಂಡು ಬಸ್ಸಿಗೆ ಓಡಿದಳು.

ಇವತ್ತಿನ ಹುಡುಗರ ಕೈಯಲ್ಲಿರುವ ಸಲಕರಣೆ ನಮ್ಮದಕ್ಕಿಂತ ಎಷ್ಟೋ ಪಾಲು ಉತ್ತಮ. ಒಂದೇ ಟ್ಯೂಬಿನಲ್ಲಿ ಇಪ್ಪತ್ತು ಬಣ್ಣಗಳಿಗೂ ಮೀರಿ ನೋಡುತ್ತಾರೆ. ಸಿಡಿ4 ವಂಶವಾಹಿಯನ್ನೇ ತೆಗೆದುಹಾಕಿದ ಸುಂಡಿಲಿ 1991ರಲ್ಲೇ ಬಂತು. ಪ್ರತಿಕಾಯ ನಿಜಕ್ಕೂ ಸಿಡಿ4ಗೇ ಅಂಟುತ್ತಿದೆಯೇ ಎಂದು ಅನುಮಾನ ಬಂದರೆ ಆ ಇಲಿಯ ಕೋಶದ ಮೇಲೆ ಹಾಕಿ ನೋಡಬಹುದು, ಅಲ್ಲೂ ಮಿಂಚಿದರೆ ಪ್ರತಿಕಾಯ ಸುಳ್ಳು ಹೇಳುತ್ತಿದೆ. ಆದರೂ ಸುಳ್ಳು ಹೇಳುವ ಪ್ರತಿಕಾಯಗಳು ಮಾರುಕಟ್ಟೆಯಲ್ಲಿ ಎಷ್ಟು ತುಂಬಿದವೆಂದರೆ, 2015ರಲ್ಲಿ ಆ್ಯಂಡ್ರೂ ಬ್ರಾಡ್‌ಬರಿ ಮತ್ತು ಆ್ಯಂಡ್ರಿಯಾಸ್ ಪ್ಲುಕ್‌ತುನ್ ನೂರಕ್ಕೂ ಹೆಚ್ಚು ಜನರ ಸಹಿಯೊಂದಿಗೆ ನೇಚರ್‌ನಲ್ಲಿ ಬರೆದು, ಪ್ರತಿಕಾಯಗಳನ್ನು ಅವುಗಳ ವಂಶವಾಹಿ ಅಕ್ಷರಮಾಲೆಯಿಂದಲೇ ಗುರುತಿಸಿ ತಯಾರಿಸಬೇಕೆಂದು ಒತ್ತಾಯಿಸಬೇಕಾಯಿತು. ಹಾಗೆ ಮಾಡಿದರೆ ಇಲಿಯೂ ಬೇಡ, ಫ್ಲಾಸ್ಕಿನ ಬಣ್ಣ ನೋಡುವ ಅಣ್ಣನೂ ಬೇಡ, ಪ್ರತಿ ಸಲವೂ ಒಂದೇ ಪ್ರತಿಕಾಯ. ನಮ್ಮ ಕೈಕಸುಬಿನಲ್ಲಿ ಒಂದು ಸಲದ್ದು ಇನ್ನೊಂದು ಸಲದಂತೆ ಇರುತ್ತಿರಲಿಲ್ಲ. ಹೊಸ ಪದ್ಧತಿಯೇ ಸರಿ.

ನಿದ್ದೆ ಹತ್ತದ ಆ ರಾತ್ರಿಯ ಮರುದಿನ ಬೆಳಿಗ್ಗೆ ಕಾಫಿ ಕುಡಿಯುವಾಗ ನನ್ನ ಸ್ವಂತ ಅಣ್ಣನ ಮಗಳನ್ನು ಕೇಳಿದೆ, ಎಣಿಸಲು ಮಾತ್ರವೋ, ಚುಚ್ಚಲೂ ಬೇಕೋ ಎಂದು. "ಎರಡಕ್ಕೂ" ಅಂದಳು. ಚುಚ್ಚುವುದಕ್ಕೆ, ಕೆಡದಂತೆ ಬೆರೆಸುವ ಸೋಡಿಯಂ ಅಜೈಡ್ ವಿಷ ಹಾಕದ್ದನ್ನು ತರಿಸು, ಎಣಿಸುವುದಕ್ಕೆ ಆರ್‌ಎಂ4-4 ತರಿಸು ಎಂದೆ. "ಗೊತ್ತು ಅತ್ತೆ, ನಮ್ಮ ಪ್ರೋಟೋಕಾಲಲ್ಲೇ ಇದೆ" ಎಂದು ನಕ್ಕಳು. ಇನ್ನೊಂದು ಪ್ರಶ್ನೆ ಕೇಳಿದೆ: ನಿಮ್ಮ ಅನಿಮಲ್ ಹೌಸ್ ಯಾರು ನೋಡಿಕೊಳ್ಳುತ್ತಾರೆ? ಏಜೆನ್ಸಿಯವರು, ಗುತ್ತಿಗೆ ಮೇಲೆ, ವರ್ಷಕ್ಕೊಮ್ಮೆ ಬದಲಾಗುತ್ತಾರೆ, ಹೆಸರು ಗೊತ್ತಿಲ್ಲ ಎಂದಳು.

ನಮ್ಮ ಯಜಮಾನರ ಹೆಸರನ್ನು ನನ್ನ ಥೀಸಿಸ್‌ನ ಕೃತಜ್ಞತೆಯ ಪುಟದಲ್ಲಿ ಬರೆದಿದ್ದೆ. ಆ ಪುಟದ ಜೆರಾಕ್ಸ್ ಮಾಡಿಸಿಕೊಂಡು, ಯಶವಂತಪುರದಲ್ಲಿ ಲ್ಯಾಮಿನೇಷನ್ ಹಾಕಿಸಿ, ಮೇವಿನ ಕೋಣೆಯಲ್ಲಿ ಗಣಪತಿ ಪಟದ ಪಕ್ಕ ತೂಗುಹಾಕಿದ್ದರು. ಇಂಗ್ಲಿಷ್ ಬಲ್ಲವರು ಯಾರೇ ಬಂದರೂ ಒಮ್ಮೆ ಗಟ್ಟಿಯಾಗಿ ಓದಿಸುತ್ತಿದ್ದರಂತೆ.

ಈಗ ಪಿಎಚ್‌ಡಿ ಮಾಡುತ್ತಿರುವ ಮಕ್ಕಳಲ್ಲಿ ನನ್ನದೊಂದು ಕೋರಿಕೆ. ವಿಧಾನದ ಭಾಗದಲ್ಲಿ ಆ್ಯಂಟಿಬಾಡಿಯ ಕ್ಲೋನ್ ಹೆಸರು, ಲಾಟ್ ನಂಬರು, ಯಾವ ಇಲಿಯ ಮೇಲೆ ಪರೀಕ್ಷಿಸಿದಿರಿ ಎಂಬುದನ್ನು ಪೂರ್ತಿ ಬರೆಯಿರಿ. ಅದನ್ನು ಯಾರಾದರೂ ಕೈಯಾರೆ ಮಾಡಿಕೊಟ್ಟಿದ್ದರೆ ಅವರನ್ನು ಲೇಖಕರ ಸಾಲಿಗೆ ಸೇರಿಸಲು ಗೈಡಿನ ಹತ್ತಿರ ಜಗಳ ಆಡಿ. ಥೀಸಿಸ್ ಮುದ್ರಣಕ್ಕೆ ಕೊಡುವ ಮುಂಚೆ ಒಂದು ಸಲ ಅನಿಮಲ್ ಹೌಸಿಗೆ ಹೋಗಿ, ಅಲ್ಲಿ ಕೆಲಸ ಮಾಡುವವರ ಹೆಸರೇನು, ಇನಿಷಿಯಲ್ ಏನು ಎಂದು ಅವರನ್ನೇ ಕೇಳಿಕೊಂಡು ಬನ್ನಿ.